ಫೋಟೊ ತೆರೆಯೋದು ಯಾವ ಪ್ರೋಗ್ರಾಮು? ತೀರ್ಮಾನ ನಿಮ್ಮದಿರಲಿ

ಇವತ್ತಿನ ವಿಷಯ ಚಿಕ್ಕದು ಅನ್ನಿಸಬಹುದು. ಕಂಪ್ಯೂಟರಿನಲ್ಲಿ ಒಂದು ಫೋಟೊ ಮೇಲೆ ಎರಡು ಸಲ ಕ್ಲಿಕ್ ಮಾಡ್ತೀರಿ. ಅದು ಯಾವ ಪ್ರೋಗ್ರಾಮಿನಲ್ಲಿ ತೆರೆಯುತ್ತೆ? ಅದೇ ಪ್ರೋಗ್ರಾಮು ಅಂತ ತೀರ್ಮಾನ ಮಾಡಿದ್ದು ಯಾರು? ಹೆಚ್ಚಿನವರು ಈ ಪ್ರಶ್ನೆ ಕೇಳಿಕೊಂಡೇ ಇರಲ್ಲ.

ನಾನಿರೋದು ಅಮ್ಮಸಂದ್ರದಲ್ಲಿ. ತುರುವೇಕೆರೆ ತಾಲ್ಲೂಕು, ಬೆಂಗಳೂರು–ಅರಸೀಕೆರೆ ರೈಲು ಮಾರ್ಗದಲ್ಲಿ ಬರುತ್ತೆ. ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ಊರು, ಸುತ್ತ ತೆಂಗಿನ ತೋಟ. ಇಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ ಇಂಥ ಕೆಲಸದ ಒಂದು ಅಂಗಡಿ ಇಟ್ಟಿದ್ದೀನಿ. ಜನ ತರೋ ಫೋಟೊಗಳು ಎಂಥವು ಅಂದ್ರೆ, ಪಹಣಿ, ವಿಭಾಗ ಪತ್ರ, ಬ್ಯಾಂಕ್ ಪಾಸ್‌ಬುಕ್, ಕೃಷಿ ಅಧಿಕಾರಿಗೆ ತೋರಿಸೋಕೆ ರೋಗ ಬಿದ್ದ ತೆಂಗಿನ ಗರಿ. ಇವೆಲ್ಲ ಬರೀ ಚಿತ್ರಗಳಲ್ಲ. ಹಿಂದೆ ಜಮೀನಿದೆ, ಸಾಲ ಇದೆ.

ಒಂದು ಉದಾಹರಣೆ ಹೇಳ್ತೀನಿ. ಒಬ್ಬ ಯಜಮಾನರ ಮನೆಯಲ್ಲಿ ಹಳೇ ವಿಭಾಗ ಪತ್ರಕ್ಕೆ ಗೆದ್ದಲು ಹಿಡಿದಿತ್ತು. ಪುಣ್ಯಕ್ಕೆ ಮೊದಲೇ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕಿದ್ರು. ಆ ಕಂಪ್ಯೂಟರಿನಲ್ಲಿ ಫೋಟೊ ಕ್ಲಿಕ್ ಮಾಡಿದ್ರೆ ನೇರ ತಿದ್ದೋ ಪ್ರೋಗ್ರಾಮೇ ತೆರೀತಿತ್ತು. ಮೊಮ್ಮಗ ಅರ್ಜಿಗೆ ಬೇಕು ಅಂತ ಅಂಚು ಕತ್ತರಿಸಿದ, ಅಳತೆ ಚಿಕ್ಕದು ಮಾಡಿದ, ಸೇವ್ ಒತ್ತಿದ. ಅರ್ಜಿ ಹೋಯ್ತು. ಆಮೇಲೆ ನೋಡಿದ್ರೆ ಸೀಲು ಇದ್ದ ಮೂಲೆಯೇ ಇಲ್ಲ. ಯಜಮಾನರು ನನ್ನ ಮುಂದೆ ಕೂತು, "ನೋಡೋಕೆ ಅಂತ ತೆಗೆದಿದ್ದು ಕಣಪ್ಪ, ಇದು ಕುಯ್ದು ಹಾಕ್ತು" ಅಂದ್ರು. ಕೊನೆಗೆ ಚಿಕ್ಕನಾಯಕನಹಳ್ಳಿಯಲ್ಲಿದ್ದ ಮಗಳ ವಾಟ್ಸಾಪಿನಲ್ಲಿ ಹಳೇ ಪ್ರತಿ ಸಿಕ್ತು. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತೆ, ಹಾಗಾಗಿ ಸ್ವಲ್ಪ ಮಸುಕಾಗಿತ್ತು. ಆದರೂ ಸೀಲು ಓದೋಕೆ ಬರ್ತಿತ್ತು. ಇಂಥ ಕಾಗದ ಕಳಿಸುವಾಗ ಫೋಟೊ ಅಂತ ಕಳಿಸಬೇಡಿ, 'ಡಾಕ್ಯುಮೆಂಟ್' ಅಂತ ಕಳಿಸಿ. ಆಗ ಕುಗ್ಗಲ್ಲ.

ಈಗ ಅಸಲು ಮಾತಿಗೆ ಬರೋಣ. ಉಂಡೆ ಕೊಬ್ಬರಿ ಮಾಡೋರಿಗೆ ಗೊತ್ತು. ಅಟ್ಟದ ಮೇಲಿನ ಕಾಯಿ ಒಣಗಿದೆಯಾ ಅಂತ ತಿಳಿಯೋಕೆ ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತೀವಿ. ಒಳಗೆ ಲೊಟಲೊಟ ಅಂದ್ರೆ ಕೊಬ್ಬರಿ ಬಿಟ್ಟಿದೆ ಅಂತ. ಅದನ್ನ ತಿಳಿಯೋಕೆ ಯಾರೂ ಕಾಯಿ ಒಡೆಯಲ್ಲ. ಫೋಟೊಗೂ ಎರಡು ಥರದ ಪ್ರೋಗ್ರಾಮು ಇವೆ. ಒಂದು ನೋಡೋದಕ್ಕೆ, ಇನ್ನೊಂದು ತಿದ್ದೋದಕ್ಕೆ. ಡಬಲ್ ಕ್ಲಿಕ್ ಮಾಡಿದಾಗ ತೆರೆಯೋದು ನೋಡೋ ಪ್ರೋಗ್ರಾಮೇ ಆಗಿರಲಿ. ತಿದ್ದಬೇಕಾದಾಗ ನೀವಾಗಿ ಬಲಗಡೆ ಕ್ಲಿಕ್ ಮಾಡಿ ಕರೆಯಿರಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ? ಮೊಬೈಲು, ಕ್ಯಾಮೆರಾ ಕೊಡೋ ಫೋಟೊ ಬಹುಪಾಲು ಜೆಪೆಗ್. 1992ರಲ್ಲಿ ಬಂದ ಪದ್ಧತಿ ಅದು. ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಬಿಟ್ಟು ಫೈಲು ಚಿಕ್ಕದು ಮಾಡುತ್ತೆ. ತಿದ್ದಿ ಮತ್ತೆ ಸೇವ್ ಮಾಡಿದಾಗೆಲ್ಲ ಇನ್ನಷ್ಟು ವಿವರ ಹೋಗುತ್ತೆ. ಸಣ್ಣ ಅಕ್ಷರ, ಸೀಲಿನ ಅಂಚು ಮೊದಲು ಕೆಡೋದು. ಬರೀ ತೆರೆದು ಮುಚ್ಚಿದ್ರೆ ಏನೂ ಆಗಲ್ಲ, ಆ ಭಯ ಬೇಡ. ಪೇಂಟಿನಲ್ಲಿ ತಿದ್ದಿ ಕಂಟ್ರೋಲ್-ಎಸ್ ಒತ್ತಿದ್ರೆ ಹಳೇದರ ಮೇಲೇ ಹೊಸದು ಕೂರುತ್ತೆ. ಅದಕ್ಕೆ 'ಸೇವ್ ಆಸ್' ಬಳಸಿ, ಬೇರೆ ಹೆಸರು ಕೊಡಿ.

ಬದಲಾಯಿಸೋದು ಹೇಗೆ? ವಿಂಡೋಸ್‌ನಲ್ಲಿ ಫೋಟೊ ಮೇಲೆ ಬಲಗಡೆ ಕ್ಲಿಕ್, 'ಓಪನ್ ವಿತ್', ಆಮೇಲೆ 'ಚೂಸ್ ಅನದರ್ ಆ್ಯಪ್'. ಬೇಕಾದ್ದನ್ನು ಆರಿಸಿ, 'ಆಲ್ವೇಸ್' ಅನ್ನೋದನ್ನ ಒತ್ತಿ. ವಿಂಡೋಸ್ 10 ಆದ್ರೆ ಕೆಳಗಿನ ಚೌಕಕ್ಕೆ ಟಿಕ್ ಹಾಕಿ. ಇದು ಆ ಒಂದು ಬಗೆಯ ಫೈಲಿಗೆ ಮಾತ್ರ ಅನ್ನೋದು ನೆನಪಿರಲಿ. ಜೆಪಿಜಿಗೆ ಮಾಡಿದ್ದು ಪಿಎನ್‌ಜಿಗೆ ಬರಲ್ಲ, ಅದಕ್ಕೆ ಬೇರೆ ಮಾಡಬೇಕು. ಮ್ಯಾಕ್ ಇದ್ದೋರು 'ಗೆಟ್ ಇನ್ಫೋ'ಗೆ ಹೋಗಿ, ಪ್ರೋಗ್ರಾಮು ಆರಿಸಿ, 'ಚೇಂಜ್ ಆಲ್' ಒತ್ತಿ.

ಯಾವುದನ್ನು ಆರಿಸೋದು? ವಿಂಡೋಸ್ ಜೊತೆಗೇ ಬರೋ 'ಫೋಟೋಸ್' ನೋಡೋದಕ್ಕೆ ಸಾಕು. ಹಳೇ, ನಿಧಾನದ ಕಂಪ್ಯೂಟರ್ ಇದ್ದರೆ ಇರ್ಫಾನ್‌ವ್ಯೂ ಇದೆ. ಇರ್ಫಾನ್ ಸ್ಕಿಲ್ಯಾನ್ ಅನ್ನೋರು 1996ರಿಂದ ಬರೆಯುತ್ತಾ ಬಂದಿದ್ದಾರೆ, ಬಹಳ ಹಗುರ. ಮನೆ ಬಳಕೆಗೆ ಉಚಿತ, ವ್ಯಾಪಾರಕ್ಕೆ ದುಡ್ಡು ಕೊಡಬೇಕು.

ಇನ್ನೊಂದು ಪ್ರಶ್ನೆ ಅಂಗಡಿಗೆ ಪದೇಪದೇ ಬರುತ್ತೆ. "ಅಣ್ಣಾ, ಮಗಳ ಐಫೋನಿನ ಫೋಟೊ ಏನು ಮಾಡಿದ್ರೂ ತೆರೀತಿಲ್ಲ." 2017ರ ಐಒಎಸ್ 11ರಿಂದ ಐಫೋನ್ ಫೋಟೊಗಳು ಹೆಚ್‌ಇಐಸಿ ಅನ್ನೋ ಬಗೆಯಲ್ಲಿ ಉಳಿಯುತ್ತವೆ. ಹೆಸರಿನ ಕೊನೆಯಲ್ಲಿ ಜೆಪಿಜಿ ಅಂತ ತಿದ್ದಿದ್ರೆ ಒಳಗಿರೋದು ಬದಲಾಗಲ್ಲ. ಅದು ಬರೀ ಚೀಟಿ. ಚೀಲದ ಮೇಲಿನ ಚೀಟಿ ಬದಲಾಯಿಸಿದ ಮಾತ್ರಕ್ಕೆ ರಾಗಿ ಅಕ್ಕಿಯಾಗುತ್ತಾ? ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್, ಅಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ. ಮುಂದಿನ ಫೋಟೊಗಳು ಜೆಪೆಗ್ ಆಗೇ ಬರ್ತವೆ.

ಈ ಚೀಟಿಯ ವಿಷಯದಲ್ಲೇ ಮೋಸವೂ ನಡೆಯುತ್ತೆ. ವಿಂಡೋಸ್ ಆ ಕೊನೆಯ ಅಕ್ಷರಗಳನ್ನು ನೋಡಿಯೇ ಫೈಲನ್ನು ಯಾರಿಗೆ ಕೊಡಬೇಕು ಅಂತ ತೀರ್ಮಾನಿಸುತ್ತೆ. ಆದರೆ ತಾನಾಗಿ ಅವನ್ನು ನಮಗೆ ತೋರಿಸಲ್ಲ. 'ಮದುವೆ ಡಾಟ್ ಜೆಪಿಜಿ ಡಾಟ್ ಇಎಕ್ಸ್‌ಇ' ಅಂತ ಒಂದು ಫೈಲ್ ಬಂದ್ರೆ ನಿಮಗೆ ಕಾಣೋದು 'ಮದುವೆ ಡಾಟ್ ಜೆಪಿಜಿ' ಮಾತ್ರ. ಫೋಟೊ ಅಂದ್ಕೊಂಡು ಒತ್ತಿದ್ರೆ ಯಾವ ಫೋಟೊ ಪ್ರೋಗ್ರಾಮಿಗೂ ಹೋಗಲ್ಲ, ಅದೇ ಓಡೋಕೆ ಶುರುವಾಗುತ್ತೆ. ಮೊಬೈಲಿನಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಫೈಲು ಕಳಿಸಿ ಬ್ಯಾಂಕ್ ಖಾತೆಗೆ ಕೈ ಹಾಕೋದು ಇದರ ತಮ್ಮನಂಥ ಮೋಸ. ವಿಂಡೋಸ್ 11ರಲ್ಲಿ ಫೋಲ್ಡರ್ ತೆರೆದು, 'ವ್ಯೂ', 'ಶೋ', ಅಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್'ಗೆ ಟಿಕ್ ಹಾಕಿ. ಪೂರ್ತಿ ಹೆಸರು ಕಾಣುತ್ತೆ.

ಇವತ್ತು ಸಂಜೆ ಮನೆಯಲ್ಲಿ ಕಂಪ್ಯೂಟರ್ ಹಾಕಿ ಒಂದು ಫೋಟೊ ಕ್ಲಿಕ್ ಮಾಡಿ ನೋಡಿ. ತಿದ್ದೋ ಪ್ರೋಗ್ರಾಮು ತೆರೆದ್ರೆ ಬದಲಾಯಿಸಿ, ಎರಡು ನಿಮಿಷದ ಕೆಲಸ. ಜಮೀನಿನ ಕಾಗದದ ಫೋಟೊ ಇದ್ದರೆ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿ, ಕಂಪ್ಯೂಟರಿನಿಂದ ದೂರ, ಬೀರುವಿನಲ್ಲಿಡಿ. ಅಜ್ಜ, ಅಜ್ಜಿ ಇರೋ ಮನೆಯಾದ್ರೆ ಮಕ್ಕಳೇ ಇದನ್ನ ಮಾಡಿಕೊಡಿ.