ಕೂಸಿನ ಮಿಸುಕಾಟ ಕುಂದಿದಾಗ



ಕಟ್ಟಡ ಕೆಲಸಕ್ಕೆಂದು ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಪುಣೆಗೆ ಬಂದು ನೆಲೆಸಿದ ಕುಟುಂಬಗಳು ಅನೇಕ. ಅಂತಹ ಮನೆಗಳ ಗರ್ಭಿಣಿಯರಿಗೆ ಮುಖ್ಯವಾಗಿ ತಿಳಿಸಬೇಕಾದ ಸಂಗತಿಯೊಂದಿದೆ. ಒಂಬತ್ತನೆಯ ತಿಂಗಳಲ್ಲಿ ಕೂಸು ಸುಮ್ಮನಾಗುವುದು ಸಹಜವೆಂದು ಹಿರಿಯರು ಹೇಳುವುದುಂಟು. ಇದು ಸರಿಯಲ್ಲ. ಹೆರಿಗೆಯವರೆಗೂ ಕೂಸು ಮಿಸುಕುತ್ತಲೇ ಇರಬೇಕು.

28 ವಾರ ತುಂಬಿದ ಮೇಲೆ, ಊಟವಾದ ನಂತರ ಎಡಮಗ್ಗುಲಾಗಿ ಮಲಗಿ ಚಲನೆಗಳನ್ನು ಎಣಿಸಬಹುದು. ಎರಡು ಗಂಟೆಗಳಲ್ಲಿ 10 ಚಲನೆ ಕಾಣದಿದ್ದರೆ, ಅಥವಾ ಎಂದಿನಂತಿಲ್ಲವೆಂದು ತಾಯಿಗೆ ಅನ್ನಿಸಿದರೂ ಸಾಕು, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಪುಣೆಯ ಸಸೂನ್‌ನಂತಹ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಎನ್‌ಎಸ್‌ಟಿ ಎಂಬ ಪರೀಕ್ಷೆ ಇದೆ. ಹೊಟ್ಟೆಗೆ ಪಟ್ಟಿ ಕಟ್ಟಿ ಸುಮಾರು 20 ನಿಮಿಷ ಶಿಶುವಿನ ಹೃದಯ ಬಡಿತವನ್ನು ದಾಖಲಿಸುವರು. ಸೂಜಿಯಿಲ್ಲ, ನೋವಿಲ್ಲ. ನಿಮಿಷಕ್ಕೆ 110ರಿಂದ 160 ಬಡಿತ ಸಾಮಾನ್ಯ. ಮಿಸುಕಿದಾಗ ಬಡಿತ ತುಸು ಏರುವುದು ಕ್ಷೇಮದ ಲಕ್ಷಣ. ಕೂಸು ನಿದ್ರಿಸುತ್ತಿದ್ದರೆ ಏರಿಕೆ ಕಾಣದಿರಬಹುದು; ಆಗ ಪರೀಕ್ಷೆಯನ್ನು 40 ನಿಮಿಷದವರೆಗೆ ಮುಂದುವರಿಸುವರು, ಗಾಬರಿಪಡಬೇಕಾಗಿಲ್ಲ. ಸಂದೇಹ ಉಳಿದರೆ ಸ್ಕ್ಯಾನಿಂಗ್ ಮಾಡಿ ಶಿಶುವಿನ ಉಸಿರಾಟದ ಚಲನೆ, ಕೈಕಾಲುಗಳ ಬಿಗುವು ಹಾಗೂ ಗರ್ಭಜಲದ ಪ್ರಮಾಣವನ್ನು ನೋಡುವರು. ಹೆಣ್ಣೋ ಗಂಡೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ. ಆದರೆ ಮಿಸುಕಾಟ ಕುಂದಿದಾಗ ಆ ದಿನಕ್ಕಾಗಿ ಕಾಯುವಂತಿಲ್ಲ, ರಾತ್ರಿಯಾದರೂ ಹೊರಡಬೇಕು. ವಾಹನಕ್ಕೆ 108ಕ್ಕೆ ಕರೆ ಮಾಡಿರಿ. ಮರಾಠಿ ಬಾರದವರು “ಬಾಳ ಹಲತ ನಾಹೀ” ಎಂದರೆ, ಕೂಸು ಮಿಸುಕುತ್ತಿಲ್ಲವೆಂದು ದಾದಿಯರಿಗೆ ತಿಳಿಯುತ್ತದೆ.

ಹೆರಿಗೆಗೆಂದು ತವರಿಗೆ ಹೊರಡುವವರು ತಾಯಿ ಕಾರ್ಡನ್ನೂ ಸ್ಕ್ಯಾನಿಂಗ್ ವರದಿಗಳನ್ನೂ ಜೊತೆಗೊಯ್ಯಿರಿ. ಅಲ್ಲಿಯ ವೈದ್ಯರಿಗೆ ಹಿಂದಿನ ತಿಂಗಳುಗಳ ವಿವರ ಅವುಗಳಿಂದಲೇ ದೊರೆಯಬೇಕು.