ಮೂರು ಕೆಲಸ, ಮೂರು ಗಡಿಯಾರ

ಬೆಳಗಿನ ಹೊತ್ತಿಗೆ ಹಿತ್ತಲಿನ ಕುಂಬಳಬಳ್ಳಿಯಲ್ಲಿ ಹೂವು ಪೂರ್ತಿ ಅರಳಿರುತ್ತದೆ. ಜೇನುನೊಣ ಸುಳಿಯದ ಪೇಟೆಯ ಮನೆಯಾದರೆ ಕಾಯಿ ಕಚ್ಚಿಸುವ ಕೆಲಸ ನಮ್ಮದೇ. ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಅದರ ಪರಾಗವನ್ನು ಹೆಣ್ಣುಹೂವಿನ ನಡುವಿಗೆ ಸವರಬೇಕು. ಬಿಸಿಲೇರಿತೋ, ಹೂವು ಮುದುಡಿತು; ನಾಳೆ ಅದೇ ಹೂವು ಮತ್ತೆ ಅರಳುವುದಿಲ್ಲ. ಹೀರೆಯದು ಬೇರೆ ಲೆಕ್ಕ. ಅದರ ಹಳದಿ ಹೂವು ಬಿರಿಯುವುದು ಸಂಜೆ. ಸೋರೆಯ ಬಿಳಿಹೂವಿಗೂ ಸಂಜೆಯೇ ಬೇಕು. ಅಕ್ಕಪಕ್ಕದಲ್ಲೇ ಹಬ್ಬಿದ ಈ ಮೂರು ಬಳ್ಳಿಗಳಿಗೂ ಒಂದೇ ಹೊತ್ತು ಹೊಂದುವುದಿಲ್ಲ.

ಹೂವಿನ ಮಾತಿನಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಸ್ವೆಟರ್ ಹೆಣೆಯುವ, ಕೌದಿ ಹೊಲಿಯುವ, ಜೊತೆಗೆ ನಾಲ್ಕು ಮಡಿ ತರಕಾರಿಯನ್ನೂ ಬೆಳೆಯುವ ಹೆಂಗಸರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: 'ಇಷ್ಟಕ್ಕೆಲ್ಲ ನಿಮಗೆ ಟೈಮ್ ಎಲ್ಲಿ ಸಿಗತ್ತೆ?' ಈ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ ನನಗೆ. ಮೂರೂ ಕೆಲಸಗಳು ಒಂದೇ ಹೊತ್ತನ್ನು ಬೇಡಿದ್ದರೆ ಜಗಳ ಬೀಳುತ್ತಿತ್ತು. ಅವು ಬೇಡುವ ಹೊತ್ತುಗಳೇ ಬೇರೆ ಬೇರೆ.

ಮೂರರಲ್ಲಿ ಹಟಮಾರಿ ಎಂದರೆ ತರಕಾರಿ. ಬೆಂಡೆ ಬಿತ್ತಿದ ಒಂದೂವರೆ ತಿಂಗಳಿಗೆ ಕಾಯಿ ಬಿಡಲು ತೊಡಗುತ್ತದೆ. ಅಲ್ಲಿಂದ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಮೂರ್ನಾಲ್ಕು ದಿನ ಮರೆತರೆ ನಾರಾಗಿ ಚಾಕುವಿಗೂ ಬಗ್ಗುವುದಿಲ್ಲ. ಮೆಂತ್ಯ, ಹರಿವೆ ತಿಂಗಳೊಳಗೆ ಕೈಗೆ ಬರುತ್ತವೆ, ಹಾಗೇ ಬಿಟ್ಟರೆ ಹೂವಿಗೆ ಹೋಗುತ್ತವೆ. ನಾಟಿ ಅವರೆಯಂತೂ ನಮ್ಮ ಅವಸರಕ್ಕೆ ಸೊಪ್ಪು ಹಾಕುವುದೇ ಇಲ್ಲ. ಹಗಲು ಕಿರಿದಾಗುತ್ತ ಬರುವ ತನಕ ಅದಕ್ಕೆ ಹೂವಿನ ನೆನಪೇ ಬರದು. ಬೇಸಿಗೆಯಲ್ಲಿ ಹಾಕಿದರೆ ಬರೀ ಬಳ್ಳಿ ಹಬ್ಬಿಸಿಕೊಂಡು ಕೂತಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದಕ್ಕೆ ಕಟ್ಟುಬೀಳದ ಹೆಬ್ಬಾಳ ಅವರೆಯ ತಳಿಗಳನ್ನು ಕೊಟ್ಟಮೇಲೆ ಬೇರೆ ಕಾಲದಲ್ಲೂ ಅವರೆ ತಿನ್ನುವಂತಾಯಿತು. ಒಳ್ಳೆಯದೇ ಆಯಿತು. ಆದರೂ ಚಳಿಗಾಲದ ಇಬ್ಬನಿಯಲ್ಲಿ ಸೊಗಡು ಕಟ್ಟಿದ ಕಾಯಿಯ ಹಿದುಕವರೆ ಸಾರಿಗೆ ಅದು ಸಮ ಅಲ್ಲ. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಒಪ್ಪುವವಳಲ್ಲ.

ಗಿಡದ ಹೊತ್ತು ಗಿಡದ ಕೈಯಲ್ಲಿ. ಹಾಗಾಗಿ ಬೆಳಗಿನ ಅರ್ಧ ಗಂಟೆ, ಸಂಜೆಯ ಅರ್ಧ ಗಂಟೆ ಅದಕ್ಕೇ ಮೀಸಲು.

ಹೆಣಿಗೆ ಹಾಗಲ್ಲ, ಅದು ಸಾಧು. ಬಸ್ಸಿನಲ್ಲಿ, ಡಾಕ್ಟರ ಬಾಗಿಲಲ್ಲಿ, ಕುಕ್ಕರ್ ಮೂರನೇ ಸೀಟಿ ಹಾಕುವುದರೊಳಗೆ, ಹೀಗೆ ಚೂರುಪಾರು ಹೊತ್ತು ಸಾಕು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ನಿಲ್ಲಿಸುವುದಾದರೆ ಸಾಲು ಮುಗಿಸಿ ನಿಲ್ಲಿಸಬೇಕು, ಅಷ್ಟೇ ನೇಮ. ನಡುವೆ ಬಿಟ್ಟರೆ ಕುಣಿಕೆ ಸಡಿಲಾಗಿ ಆ ಜಾಗ ಮುಂದೆ ಕಣ್ಣಿಗೆ ಕುಕ್ಕುತ್ತದೆ. ಹೆಣಿಗೆಯಲ್ಲಿ ಇನ್ನೊಂದು ಸೌಕರ್ಯವಿದೆ. ಬಟ್ಟೆಯೆಲ್ಲ ಒಂದೇ ಎಳೆಯ ಕುಣಿಕೆಗಳಾದ್ದರಿಂದ ಪೂರ್ತಿ ಬಿಚ್ಚಿಬಿಡಬಹುದು. ಮಗುವಿಗೆ ಸ್ವೆಟರ್ ಗಿಡ್ಡವಾದರೆ ಹಿಂದಿನವರು ಅದನ್ನು ಬಿಚ್ಚಿ, ಉಣ್ಣೆಯನ್ನು ಲಡಿ ಮಾಡಿ ತೊಳೆದು, ಸುರುಳಿ ಬಿಡಲೆಂದು ಭಾರ ಕಟ್ಟಿ ನೇತುಹಾಕುತ್ತಿದ್ದರು. ಒಣಗಿದ ಮೇಲೆ ಇನ್ನೊಂದು ಬಣ್ಣದ ಪಟ್ಟಿ ಸೇರಿಸಿ ದೊಡ್ಡದಾಗಿ ಹೆಣೆಯುತ್ತಿದ್ದರು. ಈಗ ಪೇಟೆಯಲ್ಲಿ ಸಿದ್ಧ ಸ್ವೆಟರ್ ಎಷ್ಟೋ ಸಲ ಉಣ್ಣೆಯ ದರಕ್ಕಿಂತ ಅಗ್ಗ. ಉಳಿತಾಯಕ್ಕೆಂದು ಹೆಣೆಯುತ್ತೇನೆ ಎನ್ನುವ ಮಾತು ಇನ್ನು ನಡೆಯುವುದಿಲ್ಲ. ಇಷ್ಟಪಟ್ಟು ಹೆಣೆಯುತ್ತೇನೆ ಅಂದರೆ ಮುಗಿಯಿತು, ಅದಕ್ಕೆ ಸಬೂಬು ಯಾಕೆ ಬೇಕು?

ಇನ್ನು ಕೌದಿ. ಅದರ ಗಡಿಯಾರದಲ್ಲಿ ಇರುವುದು ವರ್ಷದ ಮುಳ್ಳು. ಮನೆಯಲ್ಲಿ ಸೀರೆ ಹಳತಾಗಬೇಕು, ದೋತರ ಸವೆಯಬೇಕು, ಮಗು ತನ್ನ ಕುಂಚಿಗೆ ಮೀರಿ ಬೆಳೆಯಬೇಕು. ಗಂಟು ತುಂಬಿದ ಮೇಲೇ ಕೌದಿ. ಹಾಸಿ ಕೂರಲು ಅಗಲವಾದ ಪಡಸಾಲೆ ಬೇಕು, ಬಟ್ಟೆಯ ಸುಕ್ಕು ಬಿಡಿಸಿ ಹಿಡಿಯಲು ಇನ್ನೊಂದು ಜೊತೆ ಕೈ ಬೇಕು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೊಲದ ಕೆಲಸ ತಗ್ಗಿದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವ್ವ, ಚಿಗವ್ವ, ನೆರೆಮನೆಯ ಅಕ್ಕ ಸುತ್ತ ಕೂತು ಸೂಜಿ ಹಿಡಿಯುವುದು ಇದೇ ಕಾರಣಕ್ಕೆ. ಮಹಾನವಮಿ ಮುಂದಿದೆ ಎನ್ನುವಾಗ ಮನೆಯ ಕೌದಿಗಳೆಲ್ಲ ಹಳ್ಳಕ್ಕೋ ಕೆರೆಗೋ ಹೋಗಿ ಒಗೆಸಿಕೊಂಡು ಬರುತ್ತವೆ. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗದು. ಅಲ್ಲೂ ಇನ್ನೊಬ್ಬರು ಬೇಕು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಯನ್ನು ನೋಡಿದವರು ಮರೆಯಲಾರರು. ಅವರ ಪೂರ್ವಜರು ಆಫ್ರಿಕದಿಂದ ಈ ನೆಲಕ್ಕೆ ಬಂದವರು. ಅವರು ಹೊಲಿಗೆಯನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ತಂದು ಮುಗಿಸುತ್ತಾರೆ. ಕಡೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮಾಡಿದ ಫುಲಾ, ಅಂದರೆ ಹೂವು, ಕೂರಿಸುತ್ತಾರೆ. ಅದಿಲ್ಲದೆ ಅವರ ಲೆಕ್ಕದಲ್ಲಿ ಕೌದಿ ಮುಗಿದಂತಲ್ಲ. ಹೊದ್ದುಕೊಳ್ಳುವವರಿಗೆ ಆ ಮೂಲೆಯಿಂದ ಕಿಂಚಿತ್ತೂ ಹೆಚ್ಚು ಬೆಚ್ಚಗಾಗುವುದಿಲ್ಲ. ಆದರೂ ಅದು ಬೇಕೇ ಬೇಕು.

ಹೀಗೆ ನೋಡಿದರೆ ಮೂರನ್ನೂ ಒಟ್ಟಿಗೆ ಸಂಭಾಳಿಸುವುದರಲ್ಲಿ ದೊಡ್ಡ ಜಾಣತನವೇನಿಲ್ಲ. ಕಾಯದೇ ಇರುವುದಕ್ಕೆ ಮೊದಲು ಹೋಗಬೇಕು, ಕಾಯುವುದನ್ನು ಕಾಯಿಸಬೇಕು. ಮಳೆಗಾಲಕ್ಕೆ ಮುಂಚೆ ಬೀಜ ಹಾಕುವ ವಾರದಲ್ಲಿ ಸ್ವೆಟರಿನ ತೋಳು ಅರ್ಧಕ್ಕೇ ನಿಂತರೆ ನಿಲ್ಲಲಿ. ಜಡಿಮಳೆಯಲ್ಲಿ ಮಲೆನಾಡಿನವರು ಹಿತ್ತಲಿಗೆ ಇಳಿಯಲಾಗದ ದಿನಗಳಿರುತ್ತವೆ. ಆಗ ಕಡ್ಡಿ-ಉಣ್ಣೆ ಹೊರಬರಲಿ. ಕರಾವಳಿಯವರು ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕಿದ ಮಂಗಳೂರು ಸೌತೆ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಅದು ಅಲ್ಲಿರುವಷ್ಟು ದಿನ ತೋಟಕ್ಕೂ ತೋಟದವಳಿಗೂ ಬಿಡುವು.

ನಮ್ಮನ್ನು ಕಾಡುವುದು ಹೊತ್ತಿನ ಕೊರತೆಗಿಂತ 'ಅರ್ಧಕ್ಕೆ ಬಿಟ್ಟೆ' ಎನ್ನುವ ಅಳುಕು. ಬುಟ್ಟಿಯಲ್ಲಿ ಅರೆಬರೆ ಸ್ವೆಟರ್ ಕಂಡರೆ ಮನೆಗೆ ಬಂದವರು ಆಡಿಕೊಳ್ಳುತ್ತಾರೆ, ನಾವೂ ಮುಖ ಸಣ್ಣದು ಮಾಡಿಕೊಳ್ಳುತ್ತೇವೆ. ಅಂಗಳದಲ್ಲಿ ಅರ್ಧ ಬೆಳೆದ ಬದನೆಗಿಡವನ್ನು ಕಂಡು ಯಾರೂ ಹಾಗೆ ಆಡಿಕೊಳ್ಳುವುದಿಲ್ಲ. ಗಿಡಕ್ಕೆ ಕೊಡುವ ರಿಯಾಯಿತಿಯನ್ನು ನೂಲಿಗೂ ಕೊಡಬಹುದು. ಅರ್ಧವಾದ ಕೌದಿಯಂತೂ ಸುತ್ತಿಟ್ಟರೆ ಮುಂದಿನ ಬೇಸಿಗೆಯವರೆಗೆ ಚಕಾರ ಎತ್ತದು. ನುಸಿಗುಳಿಗೆ ಹಾಕಿಡುವುದನ್ನು ಮಾತ್ರ ಮರೆಯಬಾರದು.

ಕಡೆಯದಾಗಿ ಒಂದು ಕೋರಿಕೆ. ಬೀದಿಯಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಎಂದು ಕೂಗುತ್ತ ಬರುತ್ತಾರಲ್ಲ, ಈ ಸಲ ಅವರಿಗೆ ಗಂಟು ಒಪ್ಪಿಸುವ ಮುನ್ನ ನೂಲಿನ ಸೀರೆಗಳನ್ನು ಬೇರೆ ಎತ್ತಿಡಿ. ಪಾಲಿಯೆಸ್ಟರ್ ಬೇಕಾದರೆ ಕೊಟ್ಟುಬಿಡಿ, ಅದು ಜಾರುತ್ತದೆ, ಬೆವರು ಹೀರುವುದಿಲ್ಲ. ಮನೆಯಲ್ಲಿ ಕೌದಿ ಹೊಲಿಯಲು ಬಲ್ಲ ಹಿರಿಯರಿದ್ದರೆ ಈ ಬೇಸಿಗೆಯಲ್ಲಿ ಅವರ ಎದುರು ಕೂತು ಬಟ್ಟೆಯ ಇನ್ನೊಂದು ತುದಿ ಹಿಡಿಯಿರಿ. ಗಂಡಸರೂ ಹಿಡಿಯಬಹುದು.