ನಮ್ಮ ಹೆಸರು ನಮ್ಮಲ್ಲೇ ಇರಲಿ

(ವೈದ್ಯಕೀಯ ನೆರವು ನಿಧಿಯ ದಾನಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೂವತ್ತು ವರ್ಷ ಮುಂಬೈಯ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತನಾದವನು ನಾನು. ಈಗ ನಮ್ಮ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುತ್ತೇನೆ. ಗುರುತಿನ ಕಳವಿನ ಬಗ್ಗೆ ನಾಲ್ಕು ಮಾತು ಆಡಿ ಎಂದು ಅಧ್ಯಕ್ಷರು ಹೇಳಿದ್ದಾರೆ. ವೈದ್ಯಕೀಯ ನೆರವಿಗೂ ಇದಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಬಹಳ ಹತ್ತಿರದ್ದು.

ಊರಿಂದ ಪರೇಲ್‌ಗೆ ಚಿಕಿತ್ಸೆಗೆ ಬರುವ ಕುಟುಂಬದ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರೊಳಗೆ ಆಧಾರ್, ಪ್ಯಾನ್, ರೇಷನ್ ಕಾರ್ಡ್, ಪಾಸ್‌ಬುಕ್, ಆಸ್ಪತ್ರೆಯ ಅಂದಾಜು ಪತ್ರ. ಯಾರು ಕೇಳಿದರೂ ಒಂದು ಝೆರಾಕ್ಸ್ ತೆಗೆದು ಕೊಡುತ್ತಾರೆ. ಕಷ್ಟದಲ್ಲಿರುವವರಿಗೆ ‘ಇದು ನಿಮಗೆ ಯಾಕೆ ಬೇಕು?’ ಎಂದು ಕೇಳುವ ಧೈರ್ಯ ಬರುವುದಿಲ್ಲ.

ಎರಡು ವರ್ಷದ ಹಿಂದೆ ಕಲಬುರಗಿ ಕಡೆಯವರೊಬ್ಬರು ಮಗಳ ಚಿಕಿತ್ಸೆಗೆ ಬಂದಿದ್ದರು. ಅವರ ಬಂಧುವೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಎಲ್ಲ ದಾಖಲೆಗಳ ಫೋಟೊ ತೆಗೆದು ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಿದರು. ಸಹಾಯವೇನೋ ಬಂತು. ಆದರೆ ಸ್ವಲ್ಪ ದಿನದಲ್ಲೇ ಅದೇ ಮಗುವಿನ ಫೋಟೊ, ಅದೇ ಆಸ್ಪತ್ರೆಯ ಕಾಗದ, ಬೇರೆ ಯಾರದೋ ಕ್ಯೂಆರ್ ಕೋಡ್ ಇರುವ ಇನ್ನೊಂದು ಮನವಿ ಓಡಾಡತೊಡಗಿತು. ಕೆಲವರು ಅದಕ್ಕೂ ಹಣ ಹಾಕಿದರು. ನಾಲ್ಕು ತಿಂಗಳಾದ ಮೇಲೆ ಆ ತಂದೆಗೆ ಸಾಲ ವಸೂಲಿಯವರ ಫೋನ್ ಬರತೊಡಗಿತು. ಅವರ ಪ್ಯಾನ್ ಮೇಲೆ ಯಾರೋ ಆನ್‌ಲೈನ್ ಸಾಲ ತೆಗೆದಿದ್ದರು. ಒಳಗೆ ಮಗಳಿಗೆ ಕೀಮೊ ನಡೆಯುತ್ತಿದ್ದರೆ ಇವರು ವಾರ್ಡಿನ ಹೊರಗೆ ನಿಂತು “ನಾ ಅಲ್ರೀ ಸಾಹೇಬ್ರ, ನಾ ಸಾಲ ತಗೊಂಡಿಲ್ರೀ” ಎನ್ನುತ್ತಿದ್ದರು. ಪೊಲೀಸ್ ದೂರು, ಸಾಲದ ಕಂಪನಿಗೆ ಪತ್ರ, ಕ್ರೆಡಿಟ್ ವರದಿಯ ತಿದ್ದುಪಡಿ ಎಂದು ಅವರ ಜೊತೆ ಎರಡು ತಿಂಗಳು ಓಡಾಡಿದೆ. ಮಗುವಿನ ಹತ್ತಿರ ಕೂರಬೇಕಾದ ಎಷ್ಟೋ ಹೊತ್ತನ್ನು ಆ ತಂದೆ ಕಚೇರಿಗಳ ಬಾಗಿಲಲ್ಲಿ ಕಳೆದರು.

ಹಾಗಾಗದಂತೆ ನಾವು ಮಾಡಬಹುದಾದ ಕೆಲಸಗಳು ಕಷ್ಟದವಲ್ಲ.

ಮೊದಲನೆಯದು, ಆಧಾರ್. ‘ಮಾಸ್ಕ್ಡ್ ಆಧಾರ್’ ಎಂಬುದೊಂದಿದೆ. ಅದರಲ್ಲಿ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ. ಯುಐಡಿಎಐ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಲಾಡ್ಜಿನಂಥ ಕಡೆ, ಗುರುತು ತೋರಿಸುವುದಕ್ಕೆ ಇದು ಸಾಕು. ಸರ್ಕಾರಿ ಯೋಜನೆಗೆ ಪೂರ್ಣ ಸಂಖ್ಯೆ ಬೇಕಾದರೆ ಅಲ್ಲಿ ಮಾತ್ರ ಕೊಡಿ. ಝೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾರಿಗೆ, ಯಾವ ದಿನ ಎಂದು ಬರೆದು ಸಹಿ ಹಾಕಿ. ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರೆ ಅಲ್ಲಿನ ಕಂಪ್ಯೂಟರಿನಿಂದ ಫೈಲ್ ಅಳಿಸಿಯೇ ಹೊರಡಿ.

ಎರಡನೆಯದು, ಬೆರಳಚ್ಚು. ಹಳ್ಳಿಗಳಲ್ಲಿ ಆಧಾರ್ ಸಂಖ್ಯೆ ಕೊಟ್ಟು, ಬ್ಯಾಂಕಿನ ಹೆಸರು ಹೇಳಿ, ಬೆರಳಿಟ್ಟರೆ ಹಣ ಸಿಗುವ ವ್ಯವಸ್ಥೆ ಇದೆ. ಅದಕ್ಕೆ ಓಟಿಪಿ ಬೇಡ. ವೃದ್ಧರಿಗೆ ಇದು ದೊಡ್ಡ ಅನುಕೂಲ. ಆದರೆ 2023ರಲ್ಲಿ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಇದೇ ದಾರಿಯಲ್ಲಿ ಹಣ ಹೋದ ಪ್ರಕರಣಗಳು ವರದಿಯಾದವು. ಊರಿನಲ್ಲಿ ಜಮೀನು, ಮನೆ ಇರುವ ನಮ್ಮಂಥವರು ಇದನ್ನು ನೆನಪಿಡಬೇಕು. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿದರೆ ನಿಮ್ಮ ಬೆರಳಚ್ಚಿನ ನಕಲು ಸಿಕ್ಕರೂ ಅದು ನಡೆಯುವುದಿಲ್ಲ. ಬೇಕಾದಾಗ ನೀವೇ ತೆರೆದುಕೊಳ್ಳಬಹುದು.

ಮೂರನೆಯದು, ಮೊಬೈಲ್ ಸಂಖ್ಯೆ. ಹೊರನಾಡಿಗೆ ಬಂದ ನಮ್ಮಲ್ಲಿ ಅನೇಕರ ಆಧಾರ್‌ಗೆ, ಬ್ಯಾಂಕ್ ಖಾತೆಗೆ ಇನ್ನೂ ಊರಿನ ಹಳೆಯ ಸಂಖ್ಯೆಯೇ ಜೋಡಣೆಯಾಗಿದೆ. ಬಳಸದೆ ಬಂದ್ ಆದ ಸಂಖ್ಯೆ 90 ದಿನ ಕಳೆದ ಮೇಲೆ ಬೇರೆಯವರಿಗೆ ಸಿಗಬಹುದು. ಆಗ ನಿಮ್ಮ ಓಟಿಪಿ ಅವರ ಮನೆಗೆ ಹೋಗುತ್ತದೆ. ಈ ವಾರವೇ ಹೊಸ ಸಂಖ್ಯೆ ಸೇರಿಸಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸರ್ಕಾರದ ‘ಸಂಚಾರ್ ಸಾಥಿ’ಯಲ್ಲಿ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ ತಿಳಿಸಬಹುದು. ಇದ್ದಕ್ಕಿದ್ದಂತೆ ಫೋನಿನ ಸಿಗ್ನಲ್ ಹೋಗಿ ಬಹಳ ಹೊತ್ತು ಬರದಿದ್ದರೆ ಸುಮ್ಮನಿರಬೇಡಿ. ನಿಮ್ಮ ಹೆಸರಿನಲ್ಲಿ ಬೇರೆಯವರು ಸಿಮ್ ಪಡೆದಿರಬಹುದು.

ನಾಲ್ಕನೆಯದು, ಕ್ರೆಡಿಟ್ ವರದಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳು ವರ್ಷಕ್ಕೊಮ್ಮೆ ಉಚಿತವಾಗಿ ಪೂರ್ಣ ವರದಿ ಕೊಡಬೇಕು. ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಯಿತು. ನೀವು ತೆಗೆಯದ ಸಾಲ ಅದರಲ್ಲಿ ಕಂಡರೆ ದೂರು ಕೊಡಿ. 30 ದಿನಗಳಲ್ಲಿ ಸರಿಯಾಗದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ.

ಇಷ್ಟಾದ ಮೇಲೂ ಹಣ ಹೋದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ನಂತರ ಬ್ಯಾಂಕಿಗೆ ತಿಳಿಸಿ. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ತಡೆಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು. ಓಟಿಪಿಯನ್ನು ನಾವೇ ಹೇಳಿಬಿಟ್ಟರೆ ದೂರು ಕೊಡುವವರೆಗಿನ ನಷ್ಟ ನಮ್ಮದೇ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಬೇಡ ಎಂಬುದನ್ನು ಮನೆಯ ಹಿರಿಯರಿಗೆ ದಿನಕ್ಕೊಮ್ಮೆ ಹೇಳಿದರೂ ತಪ್ಪಿಲ್ಲ.

ಖಾಸಗಿತನವೆಂಬುದು ಉಳ್ಳವರ ಚಿಂತೆ ಎಂದು ಕೆಲವರು ಹೇಳುತ್ತಾರೆ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಹಕ್ಕು ಧರ್ಮಶಾಲೆಯಲ್ಲಿ ಮಲಗುವ ರೋಗಿಗೂ ಇದೆ.

ಆದ್ದರಿಂದ ನಮ್ಮ ಸಮಿತಿ ಕೆಲವು ಕ್ರಮ ಇಟ್ಟುಕೊಂಡಿದೆ. ಈ ಪತ್ರಿಕೆಯ ಮನವಿಗಳಲ್ಲಿ ರೋಗಿಯ ಆಧಾರ್, ಪ್ಯಾನ್, ಪಾಸ್‌ಬುಕ್ ಯಾವುದನ್ನೂ ಅಚ್ಚು ಮಾಡುವುದಿಲ್ಲ. ಮೂಲ ದಾಖಲೆಗಳನ್ನು ನಾವೇ ನೋಡಿ, ಆಸ್ಪತ್ರೆಯಲ್ಲಿ ವಿಚಾರಿಸಿ, ನೆರವನ್ನು ರೋಗಿಯ ಹೆಸರಿನಲ್ಲಿ ಆಸ್ಪತ್ರೆಗೇ ಕಟ್ಟುತ್ತೇವೆ. ದಾನಿಗಳಿಂದ ತೆರಿಗೆ ರಸೀದಿಗಾಗಿ ಪ್ಯಾನ್ ಸಂಖ್ಯೆ ಮಾತ್ರ ಕೇಳುತ್ತೇವೆ, ಅದರ ಫೋಟೊ ಕಳಿಸಬೇಡಿ.

ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ. ಸಂಘದ ಹೆಸರಿನಲ್ಲಿ ಮನವಿ ಬಂದರೆ ಈ ಪತ್ರಿಕೆಯಲ್ಲಿರುವ ಖಾತೆಯೊಂದಿಗೆ ಹೋಲಿಸಿ ನೋಡಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಂಘದ ಹೆಸರು ಬರದಿದ್ದರೆ ಹಣ ಹಾಕಬೇಡಿ, ನಮಗೆ ಫೋನ್ ಮಾಡಿ. ಯಾರದೇ ದಾಖಲೆಗಳನ್ನು ಗುಂಪುಗಳಿಗೆ ಕಳಿಸಬೇಡಿ. ಮೋಸಕ್ಕೆ ಹೆದರಿ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ. ಒಂದು ಸುಳ್ಳು ಮನವಿಯಿಂದ ಬೇಸತ್ತು ನೀವು ಕೈ ಹಿಂದೆಗೆದರೆ, ನಿಜವಾಗಿ ಬೇಕಿರುವ ಹತ್ತು ಮಂದಿಯ ಚಿಕಿತ್ಸೆ ನಿಲ್ಲುತ್ತದೆ. ನೋಡಿ ಕೊಡಿ, ಆದರೆ ಕೊಡುತ್ತಲೇ ಇರಿ.